ನ್ಯಾಯಮೂರ್ತಿಗಳೇ ವಿಚ್ಛೇದನದ ಕಕ್ಷಿದಾರರಾದಾಗ ಜನ ಏನನ್ನು ಕೇಳಬಹುದು?

ಕೋರ್ಟ್_ವರದಿ
ಹೈಕೋರ್ಟ್‌ನ ಹಿರಿಯ ನ್ಯಾಯಮೂರ್ತಿಯೊಬ್ಬರ ಸ್ವಂತ ವಿಚ್ಛೇದನ ಕೋರ್ಟ್ ಮೆಟ್ಟಿಲೇರಿತು ಅಂದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತವೆ. ಒಬ್ಬರು "ಅದು ಅವರ ಮನೆ ವಿಷಯ, ಯಾರೂ ಮಾತಾಡಕೂಡದು" ಅನ್ನುತ್ತಾರೆ. ಇನ್ನೊಬ್ಬರು "ಊರಿಗೆಲ್ಲ ನ್ಯಾಯ ಹೇಳುವವರು, ಫೈಲ್ ಪೂರ್ತಿ ಹೊರಗೆ ಬರಲಿ" ಅನ್ನುತ್ತಾರೆ. ಈ ಚರ್ಚೆಯಲ್ಲಿ ಯಾವ ವ್ಯಕ್ತಿಯ ಹೆಸರೂ ಬೇಡ, ಗಾಳಿಸುದ್ದಿಯೂ ಬೇಡ. ಅರ್ಜಿ ಎಲ್ಲಿ ಹಾಕಬೇಕು? ಯಾರು ಕೇಳುತ್ತಾರೆ? ಹೊರಗಿನವರ ಕೈಗೆ ಏನು ಸಿಗುತ್ತದೆ? ವರದಿ ಮಾಡುವವರ ಗಡಿ ಯಾವುದು? ಗೊತ್ತಿರುವವರು ಕಲಂ ಸಹಿತ ಬರೆಯಿರಿ.

ಎಂಸಿ_ವಕೀಲೆ
ಮೊದಲು ವ್ಯಾಪ್ತಿ. ನ್ಯಾಯಮೂರ್ತಿಗಳಿಗೆ ಅಂತ ಬೇರೆ ಕೋರ್ಟ್ ಇಲ್ಲ. ಹಿಂದೂ ವಿವಾಹ ಕಾಯ್ದೆ 1955ರ 19ನೇ ಕಲಂ ಎಲ್ಲರಿಗೂ ಒಂದೇ: ಮದುವೆ ನಡೆದ ಜಾಗ, ಎದುರುದಾರರು ವಾಸವಿರುವ ಜಾಗ, ಇಬ್ಬರೂ ಕೊನೆಗೆ ಒಟ್ಟಿಗೆ ಬಾಳಿದ ಜಾಗ. ಇವುಗಳ ಜೊತೆಗೆ, 2003ರ ತಿದ್ದುಪಡಿಯಿಂದಾಗಿ, ಹೆಂಡತಿ ಅರ್ಜಿದಾರರಾದರೆ ಅವರು ಈಗ ವಾಸವಿರುವ ಜಾಗದಲ್ಲೂ ಹಾಕಬಹುದು. ಬೆಂಗಳೂರಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಬೀಳುತ್ತದೆ. ಫ್ಯಾಮಿಲಿ ಕೋರ್ಟ್ ಕಾಯ್ದೆ 1984ರ 13ನೇ ಕಲಮಿನಂತೆ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಅನುಮತಿ ಸಾಮಾನ್ಯವಾಗಿ ಸಿಗುತ್ತದೆ. 9ನೇ ಕಲಮಿನ ಪ್ರಕಾರ ಮೊದಲು ರಾಜಿ ಪ್ರಯತ್ನ, ಅದು ಮುರಿದರೆ ವಿಚಾರಣೆ.

ಮೇಲ್ಮನವಿ ಹೈಕೋರ್ಟ್‌ಗೆ, ಇಬ್ಬರು ಅಥವಾ ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ. ಗಡುವಿನಲ್ಲಿ ಜನ ಎಡವುತ್ತಾರೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 19ನೇ ಕಲಂ 30 ದಿನ ಅನ್ನುತ್ತದೆ, ಹಿಂದೂ ವಿವಾಹ ಕಾಯ್ದೆಯ 28ನೇ ಕಲಂ 90 ದಿನ ಅನ್ನುತ್ತದೆ. ವಾದಕ್ಕೆ ಜಾಗ ಕೊಡದೆ 30ರೊಳಗೆ ಹಾಕುವುದೇ ಜಾಣತನ.

ಕಾನೂನು_ಮೇಷ್ಟ್ರು
ಮೇಡಂ ಹೇಳಿದ ಆ ಕೊನೆಯ ಹಂತದಲ್ಲೇ ಇಡೀ ಸಮಸ್ಯೆ ಕೂತಿದೆ. ಮೇಲ್ಮನವಿ ಕೇಳುವವರು ಅದೇ ಹೈಕೋರ್ಟ್‌ನ ಸಹೋದ್ಯೋಗಿಗಳು. ಬೆಳಿಗ್ಗೆ ಒಂದೇ ಕಾರಿಡಾರಿನಲ್ಲಿ ಓಡಾಡುವವರು, ಎಲ್ಲ ನ್ಯಾಯಮೂರ್ತಿಗಳೂ ಸೇರುವ ಒಂದೇ ಫುಲ್ ಕೋರ್ಟ್ ಸಭೆಯಲ್ಲಿ ಕೂರುವವರು.

ಕೆಳಗಿನ ಹಂತ ಇನ್ನೂ ಸೂಕ್ಷ್ಮ. ಸಂವಿಧಾನದ 235ನೇ ವಿಧಿ ಜಿಲ್ಲಾ ನ್ಯಾಯಾಂಗದ ಹಿಡಿತವನ್ನು ಹೈಕೋರ್ಟ್‌ಗೆ ಕೊಟ್ಟಿದೆ. ಫ್ಯಾಮಿಲಿ ಕೋರ್ಟ್ ನ್ಯಾಯಾಧೀಶರ ವರ್ಗಾವಣೆ, ಬಡ್ತಿ, ವಾರ್ಷಿಕ ಗೋಪ್ಯ ವರದಿ, ಶಿಸ್ತು ಕ್ರಮ ಎಲ್ಲವೂ ಹೈಕೋರ್ಟ್ ಕೈಯಲ್ಲಿವೆ. ಪ್ರತಿ ಜಿಲ್ಲೆಗೆ ಒಬ್ಬ ಆಡಳಿತಾತ್ಮಕ ನ್ಯಾಯಮೂರ್ತಿ ಇರುತ್ತಾರೆ. ಕಕ್ಷಿದಾರರೇ ಆ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿ ಆಗಿದ್ದರೆ, ತೀರ್ಪು ಬರೆಯುವವರು ತಮ್ಮ ಸೇವಾ ದಾಖಲೆಯಲ್ಲಿ ಷರಾ ಬರೆಯುವವರ ಸಂಸಾರವನ್ನು ವಿಚಾರಿಸಬೇಕಾಗುತ್ತದೆ. ಆ ನ್ಯಾಯಾಧೀಶರು ಎಷ್ಟೇ ನಿಷ್ಠುರರಾಗಿದ್ದರೂ, ಎದುರುದಾರರ ಮನಸ್ಸಲ್ಲಿ ಅನುಮಾನ ಹುಟ್ಟುವುದು ಸಹಜ. 1987ರ ರಂಜಿತ್ ಠಾಕೂರ್ ತೀರ್ಪು ಕೊಟ್ಟ ಅಳತೆಗೋಲೂ ಅದೇ. ನ್ಯಾಯಾಧೀಶರು "ನನಗೆ ಪಕ್ಷಪಾತವಿದೆಯೇ" ಎಂದು ತಮ್ಮನ್ನೇ ಕೇಳಿಕೊಂಡರೆ ಸಾಲದು, ಎದುರಿಗಿರುವ ಕಕ್ಷಿದಾರರ ಮನಸ್ಸಲ್ಲಿ ಸಕಾರಣ ಶಂಕೆ ಇದೆಯೇ ಎಂದು ನೋಡಬೇಕು.

ಸಾರ್ವಜನಿಕರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಸಂಸಾರ ಯಾಕೆ ಮುರಿಯಿತು ಅನ್ನುವುದು ನಮಗೆ ಬೇಡ. ಆ ಪ್ರಕರಣದ ಮೇಲೆ ಹುದ್ದೆಯ ನೆರಳು ಬೀಳದಂತೆ ವ್ಯವಸ್ಥೆ ಏನು ಮಾಡಿತು ಅನ್ನುವುದು ಬೇಕು.

ಧಾರವಾಡ_ಜೂನಿಯರ್
ಹಂಗಾದ್ರ ಬ್ಯಾರೆ ಜಿಲ್ಲೆಗೆ ವರ್ಗಾ ಮಾಡಿದ್ರ ಸಾಕಲ್ರೀ ಸರ್? ಸಿ.ಪಿ.ಸಿ. (ಸಿವಿಲ್ ಪ್ರಕ್ರಿಯಾ ಸಂಹಿತೆ) 24ನೇ ಕಲಂ ಐತಲ್ಲ. ಬೆಂಗಳೂರಿಂದ ಧಾರವಾಡಕ್ಕೋ ಕಲಬುರಗಿಗೋ ಹಾಕಿದ್ರಾತು.

ಎಂಸಿ_ವಕೀಲೆ
ಸಾಲದು. 24ನೇ ಕಲಮಿನ ಅಧಿಕಾರ ಅದೇ ಹೈಕೋರ್ಟ್‌ನದು. ಧಾರವಾಡ, ಕಲಬುರಗಿ ಪೀಠಗಳು ಕರ್ನಾಟಕ ಹೈಕೋರ್ಟ್‌ನ ಭಾಗಗಳೇ ಹೊರತು ಬೇರೆ ಹೈಕೋರ್ಟ್‌ಗಳಲ್ಲ. ಜಿಲ್ಲೆ ಬದಲಾದರೂ 235ನೇ ವಿಧಿಯ ಹಿಡಿತ ಬದಲಾಗದು. ಇಲ್ಲಿ ಬೇಕಾದದ್ದು 25ನೇ ಕಲಂ, ಅಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸುಪ್ರೀಂ ಕೋರ್ಟ್ ಮಾಡುವ ವರ್ಗಾವಣೆ.

ಅರ್ಜಿ ಬರೆಯುವಾಗ ಗಮನಿಸಬೇಕಾದದ್ದು:

ಆಧಾರವನ್ನು ರಚನೆಯ ಮೇಲೆ ಕಟ್ಟಿ, ವ್ಯಕ್ತಿಯ ಮೇಲಲ್ಲ. "ಈ ಫ್ಯಾಮಿಲಿ ಕೋರ್ಟ್ ನ್ಯಾಯಾಧೀಶರು ಪಕ್ಷಪಾತಿ" ಅಂತ ಬರೆದರೆ ಪುರಾವೆ ಕೇಳುತ್ತಾರೆ, ಅರ್ಜಿ ಅಲ್ಲೇ ಬೀಳುತ್ತದೆ. ಎದುರುದಾರರು ಪ್ರಮಾಣವಚನ ಸ್ವೀಕರಿಸಿದ ದಿನಾಂಕ, ಯಾವ ಜಿಲ್ಲೆಗೆ ಯಾವ ಅವಧಿಯಲ್ಲಿ ಆಡಳಿತಾತ್ಮಕ ನ್ಯಾಯಮೂರ್ತಿ ಆಗಿದ್ದರು ಅನ್ನುವ ಅಧಿಸೂಚನೆ, ಕೌಟುಂಬಿಕ ಮೇಲ್ಮನವಿಗಳ ರೋಸ್ಟರ್ (ಪ್ರಕರಣ ಹಂಚಿಕೆ) ಅವರ ಬಳಿ ಇತ್ತೇ ಅನ್ನುವ ದಾಖಲೆ ಇವನ್ನು ಲಗತ್ತಿಸಿ. ಎಲ್ಲವೂ ಬಹಿರಂಗ ದಾಖಲೆಗಳೇ.

ಮೂಲ ಹೈಕೋರ್ಟ್ ಮರೆಯಬೇಡಿ. ನ್ಯಾಯಮೂರ್ತಿಗಳು 222ನೇ ವಿಧಿಯಡಿ ಬೇರೆ ರಾಜ್ಯಕ್ಕೆ ವರ್ಗವಾಗಿದ್ದರೆ ಪರಿಚಯದ ಬಲ ಎರಡು ಕಡೆ ಇರುತ್ತದೆ. ಮೂರನೇ ರಾಜ್ಯವನ್ನು ಕೇಳಿ. ಇಬ್ಬರಿಗೂ ಪ್ರಯಾಣಕ್ಕೆ ಅನುಕೂಲವಾದ ಎರಡು ಊರುಗಳ ಹೆಸರು ಕೊಟ್ಟರೆ ಪೀಠಕ್ಕೆ ಸುಲಭ.

ತಾತ್ಕಾಲಿಕ ತಡೆಯಾಜ್ಞೆಯನ್ನು ಅದೇ ಅರ್ಜಿಯ ಜೊತೆ ಕೇಳಿ. ಇಲ್ಲದಿದ್ದರೆ ವರ್ಗಾವಣೆ ಅರ್ಜಿ ನೋಟಿಸ್ ಹಂತದಲ್ಲಿರುವಾಗಲೇ ಕೆಳಗೆ ಏಕಪಕ್ಷೀಯ ಆದೇಶ ಆಗಿಬಿಡಬಹುದು.

ದೊಡ್ಡ ತಪ್ಪು ಯಾವುದೆಂದರೆ, ವರ್ಗಾವಣೆ ಅರ್ಜಿಯಲ್ಲೇ ಇಡೀ ಸಂಸಾರದ ಕಥೆ ತುಂಬುವುದು. ಸುಪ್ರೀಂ ಕೋರ್ಟ್ ಆದೇಶದಲ್ಲಿ ಅದರ ಸಾರಾಂಶ ಬರುತ್ತದೆ, ಆದೇಶ ವೆಬ್‌ಸೈಟಿಗೆ ಹೋಗುತ್ತದೆ, ತೀರ್ಪು ಸಂಗ್ರಹಿಸುವ ಖಾಸಗಿ ತಾಣಗಳು ಸಂಜೆಯೊಳಗೆ ನಕಲಿಸಿಕೊಳ್ಳುತ್ತವೆ. ಹೆಸರು ಮರೆಮಾಚಲು ಪ್ರತ್ಯೇಕ ಅರ್ಜಿಯನ್ನು ದಾಖಲಿಸುವ ದಿನವೇ ಕೊಡಿ.

ರಿಜಿಸ್ಟ್ರಿ_ನಿವೃತ್ತ
ಹೆಸರು ಮರೆಮಾಚುವ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್‌ನದೇ ಒಂದು ಆದೇಶ ಇದೆ. 2017ರ ಜನವರಿಯಲ್ಲಿ ನ್ಯಾ. ಆನಂದ ಬೈರಾರೆಡ್ಡಿ ಅವರು, ಅಂತರ್ಜಾಲದ ಹುಡುಕಾಟದಲ್ಲಿ ಒಬ್ಬ ಮಹಿಳೆಯ ಹೆಸರು ಆದೇಶದ ಶೀರ್ಷಿಕೆಯಲ್ಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಆದರೆ ಆ ಸೂಚನೆ ಹೈಕೋರ್ಟ್ ವೆಬ್‌ಸೈಟಿನಲ್ಲಿರುವ ಪ್ರತಿಗೂ ನಕಲು ಅರ್ಜಿ ಹಾಕಿ ಪಡೆಯುವ ದೃಢೀಕೃತ ಪ್ರತಿಗೂ ಅನ್ವಯಿಸಲಿಲ್ಲ. ಆದೇಶ ಕೇಳುವಾಗ ಕಾಸ್‌ಲಿಸ್ಟ್ (ದಿನದ ಪ್ರಕರಣಗಳ ಪಟ್ಟಿ), ಕೇಸ್ ಸ್ಟೇಟಸ್, ಅಪ್‌ಲೋಡ್ ಆಗುವ ಪ್ರತಿ ಈ ಮೂರನ್ನೂ ಬಿಡಿಬಿಡಿಯಾಗಿ ನಮೂದಿಸಿ. ಒಂದನ್ನು ಬಿಟ್ಟರೂ ಹೆಸರು ಅಲ್ಲಿಂದ ಹೊರಬೀಳುತ್ತದೆ.

ನೇರಪ್ರಸಾರದ ಭಯ ಬೇಡ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಕರ್ನಾಟಕದ ನೇರಪ್ರಸಾರ ನಿಯಮಗಳು ವೈವಾಹಿಕ ಪ್ರಕರಣಗಳನ್ನೂ ಅವುಗಳಿಂದ ಹುಟ್ಟುವ ವರ್ಗಾವಣೆ ಅರ್ಜಿಗಳನ್ನೂ ಹೊರಗಿಟ್ಟಿವೆ.

ಕೋರ್ಟ್_ವರದಿ
ವರದಿಗಾರರ ಗಡಿ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲ. "ಕೋರ್ಟಿನಲ್ಲಿ ಹೇಳಿದ್ದನ್ನು ಬರೆದರೆ ತಪ್ಪೇನು" ಅನ್ನುವುದು ಸುದ್ದಿಮನೆಗಳ ಸಾಮಾನ್ಯ ವಾದ.

ಕಾನೂನು_ಮೇಷ್ಟ್ರು
ತಪ್ಪು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮನ್ನು ಪೂರ್ತಿ ಓದಿ. ಆ ಕಾಯ್ದೆಯಡಿಯ ಪ್ರತಿ ವಿಚಾರಣೆಯೂ ಬಾಗಿಲು ಮುಚ್ಚಿಯೇ ನಡೆಯಬೇಕು, 1976ರ ತಿದ್ದುಪಡಿಯ ನಂತರ ಅದು ಕಡ್ಡಾಯ. ಆ ಪ್ರಕರಣಕ್ಕೆ ಸಂಬಂಧಿಸಿದ ಯಾವುದನ್ನೂ ಯಾರೂ ಅಚ್ಚು ಹಾಕುವಂತಿಲ್ಲ, ಪ್ರಕಟಿಸುವಂತಿಲ್ಲ. ಒಂದೇ ವಿನಾಯಿತಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್‌ನ ತೀರ್ಪು, ಅದೂ ಕೋರ್ಟಿನ ಪೂರ್ವಾನುಮತಿ ಇದ್ದರೆ. ಫ್ಯಾಮಿಲಿ ಕೋರ್ಟ್‌ನ ತೀರ್ಪು ಈ ವಿನಾಯಿತಿಯಲ್ಲಿ ಬರುವುದೇ ಇಲ್ಲ.

ದಂಡ ಒಂದು ಸಾವಿರ ರೂಪಾಯಿವರೆಗೆ ಮಾತ್ರ. ಅದನ್ನು ನೋಡಿ ಹಗುರವಾಗಿ ತೆಗೆದುಕೊಳ್ಳಬಾರದು. ನ್ಯಾಯಾಂಗ ನಿಂದನೆ ಕಾಯ್ದೆ 1971ರ 7ನೇ ಕಲಂ ಪ್ರಕಾರ, ಮುಚ್ಚಿದ ಬಾಗಿಲ ವಿಚಾರಣೆಯ ನ್ಯಾಯಯುತ ವರದಿಗೆ ಸಿಗುವ ರಕ್ಷಣೆ, ಆ ಪ್ರಕಟಣೆ ಬೇರೆ ಯಾವುದಾದರೂ ಕಾಯ್ದೆಗೆ ವಿರುದ್ಧವಾಗಿದ್ದರೆ ಸಿಗದು. 22ನೇ ಕಲಂ ಅಂಥದ್ದೊಂದು ಕಾಯ್ದೆ. ಸಾವಿರ ರೂಪಾಯಿಯ ಲೆಕ್ಕ ಹಾಕಿದವರು ನಿಂದನೆ ಪ್ರಕರಣದಲ್ಲಿ ಸಿಕ್ಕಿಕೊಳ್ಳಬಹುದು.

ಎಲ್ಲ ಧರ್ಮದವರಿಗೂ ಇದು ಒಂದೇ ರೀತಿಯಲ್ಲಿಲ್ಲ ಅನ್ನುವುದನ್ನೂ ಗಮನಿಸಿ. ವಿಶೇಷ ವಿವಾಹ ಕಾಯ್ದೆ 1954ರ 33ನೇ ಕಲಮಿನಲ್ಲಿ ಇದೇ ನಿಷೇಧ ಇದೆ. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರ 53ನೇ ಕಲಮಿನಲ್ಲಿ ಬಾಗಿಲು ಮುಚ್ಚುವುದು ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ 1939ರಲ್ಲಿ ಅಂಥ ಕಲಮೇ ಇಲ್ಲ. ಅಲ್ಲಿ ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಕಲಮೇ ಆಸರೆ: ಇಬ್ಬರಲ್ಲಿ ಒಬ್ಬರು ಕೇಳಿದರೂ ಕೋರ್ಟ್ ಬಾಗಿಲು ಮುಚ್ಚಲೇಬೇಕು. ಆದರೆ ಕೇಳಬೇಕು, ಲಿಖಿತವಾಗಿ, ಮೊದಲ ತಾರೀಖಿನಲ್ಲೇ.

ಮುಕ್ತ_ನ್ಯಾಯ
ಇಷ್ಟೊಂದು ಮುಚ್ಚುಮರೆ ನನಗೆ ಒಪ್ಪಿಗೆಯಿಲ್ಲ. ತೆರೆದ ನ್ಯಾಯಾಲಯ ಅನ್ನುವ ತತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಗಟ್ಟಿಯಾಗಿ ಹೇಳಿದ್ದೇ 1913ರ ಸ್ಕಾಟ್ ಪ್ರಕರಣದಲ್ಲಿ, ಅದೂ ಒಂದು ವೈವಾಹಿಕ ಪ್ರಕರಣ. 1926ರಲ್ಲಿ ಅಲ್ಲಿನ ಸಂಸತ್ತು ಪತ್ರಿಕೆಗಳಿಗೆ ಲಗಾಮು ಹಾಕಿದಾಗಲೂ ಕಕ್ಷಿದಾರರ ಹೆಸರು, ಆರೋಪದ ಸಂಕ್ಷಿಪ್ತ ಸಾರ, ಕಾನೂನಿನ ಅಂಶ, ತೀರ್ಪು ಇವನ್ನು ಬರೆಯಲು ಬಿಟ್ಟಿತು. ನಮ್ಮಲ್ಲಿ ಅಷ್ಟೂ ಇಲ್ಲ. ಸಾಮಾನ್ಯರ ವಿಷಯದಲ್ಲಿ ಇದು ಸರಿ. ಹಿರಿಯ ನ್ಯಾಯಮೂರ್ತಿಯೊಬ್ಬರ ಮೇಲೆ ಕ್ರೌರ್ಯದ ಆರೋಪ ಇದ್ದು, ಅವರೇ ನಾಳೆ ಬೇರೆಯವರ ಕ್ರೌರ್ಯದ ಮೇಲ್ಮನವಿ ಕೇಳುವುದಾದರೆ, ಜನರಿಗೆ ತಿಳಿಯುವ ಹಕ್ಕಿಲ್ಲವೇ?

ಎಂಸಿ_ವಕೀಲೆ
ಆರೋಪ ಸಾಬೀತಲ್ಲ, ಸರ್. ವಿಚ್ಛೇದನದ ಅರ್ಜಿಗಳಲ್ಲಿ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ ಚೌಕಟ್ಟಿಗೆ ಹೊಂದಿಸಲು ಆರೋಪಗಳನ್ನು ದಪ್ಪಗೆ ಬರೆಯುವುದು ರೂಢಿ. ಪಾಟೀ ಸವಾಲಿನಲ್ಲಿ ಅರ್ಧ ಉದುರುತ್ತವೆ. ಅರ್ಜಿಯನ್ನೇ ಸುದ್ದಿ ಮಾಡಿದರೆ ಪಾಟೀ ಸವಾಲಿಗೆ ಮುಂಚೆಯೇ ತೀರ್ಪು ಕೊಟ್ಟಂತೆ. ಇನ್ನೂ ಒಂದು ಕಷ್ಟ: 1997ರ ಮೇ 7ರಂದು ಸುಪ್ರೀಂ ಕೋರ್ಟ್‌ನ ಫುಲ್ ಕೋರ್ಟ್ ಒಪ್ಪಿದ ನ್ಯಾಯಿಕ ಮೌಲ್ಯಗಳ 16 ಅಂಶಗಳ ಪಟ್ಟಿಯಲ್ಲಿ ನ್ಯಾಯಮೂರ್ತಿಗಳು ಮಾಧ್ಯಮಕ್ಕೆ ಸಂದರ್ಶನ ಕೊಡಬಾರದು ಎಂದಿದೆ. ಒಂದು ಪಕ್ಷಕ್ಕೆ ಉತ್ತರ ಹೇಳುವ ಬಾಯಿಯೇ ಇಲ್ಲದ ವಿವಾದ ಇದು. ಎದುರು ಪಕ್ಷದ ಸಂಗಾತಿಯಂತೂ ಸಾರ್ವಜನಿಕ ವ್ಯಕ್ತಿಯೇ ಅಲ್ಲ. ಮಕ್ಕಳಿದ್ದರೆ ಅವರ ಶಾಲೆಯಲ್ಲಿ ಏನಾಗುತ್ತದೆ ಯೋಚಿಸಿ.

ನಿಮ್ಮ ಪ್ರಶ್ನೆಯ ಎರಡನೇ ಅರ್ಧ ಮಾತ್ರ ಪೂರ್ತಿ ಸರಿ. ಅದಕ್ಕೆ ಪರಿಹಾರ ರೋಸ್ಟರ್.

ರಿಜಿಸ್ಟ್ರಿ_ನಿವೃತ್ತ
ಹೌದು. ಯಾರು ಯಾವ ಬಗೆಯ ಪ್ರಕರಣ ಕೇಳಬೇಕು ಅನ್ನುವುದು ಮುಖ್ಯ ನ್ಯಾಯಮೂರ್ತಿಯವರ ಅಧಿಕಾರ. ಸ್ವಂತ ವೈವಾಹಿಕ ಪ್ರಕರಣ ಬಾಕಿ ಇರುವವರು ಮುಖ್ಯ ನ್ಯಾಯಮೂರ್ತಿಯವರಿಗೆ ಒಂದು ಸಾಲಿನ ಟಿಪ್ಪಣಿ ಕಳಿಸಿದರೆ ಸಾಕು, ಕಾರಣದ ವಿವರವೂ ಬೇಡ. ಕೌಟುಂಬಿಕ ಮೇಲ್ಮನವಿ, ಜೀವನಾಂಶದ ರಿವಿಷನ್, ಮಕ್ಕಳ ಸುಪರ್ದಿಗೆ ಸಂಬಂಧಿಸಿದ ಹೇಬಿಯಸ್ ಕಾರ್ಪಸ್, ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಸಂಬಂಧಿಸಿದ ದಂಡಸಂಹಿತೆಯ 498ಎ ಅಥವಾ ಅದರ ಈಗಿನ ರೂಪವಾದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಪ್ರಕರಣಗಳ ರದ್ದತಿ ಅರ್ಜಿಗಳು ಅವರ ಪಟ್ಟಿಯಿಂದ ಹೊರಗೆ ಹೋಗಬೇಕು. ಕೊನೆಯದನ್ನು ಮರೆಯುವುದೇ ಹೆಚ್ಚು, ಯಾಕೆಂದರೆ ಅದು ಕ್ರಿಮಿನಲ್ ಪಟ್ಟಿಯಲ್ಲಿ ಬರುತ್ತದೆ. ಅದರ ಜೊತೆ ಆ ಜಿಲ್ಲೆಯ ಆಡಳಿತಾತ್ಮಕ ಹೊಣೆಯನ್ನೂ ಬೇರೆಯವರಿಗೆ ಕೊಡಬೇಕು.

ವಕೀಲರ ವಿಷಯವೂ ಇದೆ. ಆ ನ್ಯಾಯಮೂರ್ತಿಗಳ ಪರ ವಕಾಲತ್ತು ಹಾಕಿದವರ ಯಾವ ಪ್ರಕರಣವೂ ಅವರ ಮುಂದೆ ಬರಬಾರದು. ರಿಜಿಸ್ಟ್ರಿಗೆ ಆ ವಕೀಲರ ಎನ್ರೋಲ್‌ಮೆಂಟ್ ಸಂಖ್ಯೆ ಕೊಟ್ಟರೆ ಕಾಸ್‌ಲಿಸ್ಟ್ ತಯಾರಾಗುವಾಗಲೇ ಬೇರ್ಪಡಿಸಬಹುದು. ಕಿರಿಯ ಸಹೋದ್ಯೋಗಿಗಳ ಹೆಸರಲ್ಲಿ ವಕಾಲತ್ತು ಇದ್ದರೆ ಮಾತ್ರ ಜಾರಿಹೋಗುತ್ತದೆ, ಹಾಗಾಗಿ ಇಡೀ ಕಚೇರಿಯ ಪಟ್ಟಿ ಕೊಡಬೇಕು.

ಧಾರವಾಡ_ಜೂನಿಯರ್
ಎದುರು ಪಕ್ಷಕ್ಕ ವಕೀಲರು ಸಿಗ್ತಾರೇನ್ರಿ? ನಾಳೆ ಅದೇ ಸಾಹೇಬ್ರ ಮುಂದ ನಿಂದ್ರಬೇಕಂತ ಎಲ್ಲಾರೂ ಹಿಂದ ಸರೀತಾರ.

ಎಂಸಿ_ವಕೀಲೆ
ನಿಜವಾದ ಕಷ್ಟ ಇದು. ಮಹಿಳೆಯಾದರೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನಡಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಆದರೆ ರಾಜ್ಯ ಪ್ರಾಧಿಕಾರದ ಕಾರ್ಯಾಧ್ಯಕ್ಷರು ಹೈಕೋರ್ಟ್‌ನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೇ ಆಗಿರುತ್ತಾರೆ. ಅಲ್ಲಿ ಮುಜುಗರ ಎನಿಸಿದರೆ ನೇರ ದೆಹಲಿಯ ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ, 25ನೇ ಕಲಮಿನ ವರ್ಗಾವಣೆ ಅರ್ಜಿಯನ್ನು ಅವರ ವಕೀಲರಿಂದಲೇ ಹಾಕಿಸಬಹುದು. ಬೇರೆ ರಾಜ್ಯಕ್ಕೆ ಹೋದ ಮೇಲೆ ಆ ಊರಿನ ವಕೀಲರಿಗೆ ಈ ಅಳುಕು ಇರುವುದಿಲ್ಲ.

ಕಾನೂನು_ಮೇಷ್ಟ್ರು
ಬಹಳ ಜನ ಗಮನಿಸದ ಒಂದು ಕಲಂ ಸಿ.ಪಿ.ಸಿ.ಯ 133. ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳ ಜೊತೆಗೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳಿಗೂ ಕೋರ್ಟಿನಲ್ಲಿ ಖುದ್ದು ಹಾಜರಾತಿಯಿಂದ ವಿನಾಯಿತಿ ಇದೆ. ಅದನ್ನು ಬಳಸಿದರೆ ಸಾಕ್ಷ್ಯವನ್ನು ಕಮಿಷನರ್ ಮೂಲಕ ದಾಖಲಿಸಬೇಕು, ವೆಚ್ಚ ವಿನಾಯಿತಿ ಕೇಳಿದವರದೇ, ಎದುರು ಪಕ್ಷವೇ ಅವರ ಸಾಕ್ಷ್ಯ ಬೇಕೆಂದು ಕೊಟ್ಟರೆ ಬೇರೆ ಮಾತು. ತೊಂದರೆ ಏನೆಂದರೆ, ಕ್ರೌರ್ಯದ ಪ್ರಕರಣದಲ್ಲಿ ಸಾಕ್ಷಿ ಹೇಗೆ ಉತ್ತರಿಸಿದರು, ಎಲ್ಲಿ ತಡವರಿಸಿದರು ಅನ್ನುವುದನ್ನು ತೀರ್ಪು ಬರೆಯುವವರು ಕಣ್ಣಾರೆ ನೋಡಬೇಕು. ಕಮಿಷನರ್ ವರದಿಯ ಹಾಳೆಯಲ್ಲಿ ಅದು ಬರುವುದಿಲ್ಲ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಕಲಮಿನ ರಾಜಿ ಮಾತುಕತೆಯಂತೂ ಮುಖಾಮುಖಿ ಇಲ್ಲದೆ ಬರೀ ಕಾಗದವಾಗುತ್ತದೆ.

ಈ ವಿನಾಯಿತಿಯನ್ನು ಬಿಟ್ಟುಕೊಟ್ಟರು ಅಥವಾ ಬಳಸಿದರು ಅನ್ನುವುದು ಹುದ್ದೆಗೆ ಸಂಬಂಧಿಸಿದ್ದೇ ಹೊರತು ಸಂಸಾರಕ್ಕಲ್ಲ. ಬಿಟ್ಟುಕೊಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತ, 2001ರಲ್ಲಿ ಇಲ್ಲಿ ಕರಡಾಗಿ 2002ರಲ್ಲಿ ಹೇಗ್ ನಗರದಲ್ಲಿ ಅಂತಿಮಗೊಂಡ ನ್ಯಾಯಿಕ ನಡವಳಿಕೆಯ ತತ್ವಗಳು ಎರಡು ಮಾತು ಹೇಳುತ್ತವೆ. ಸದಾ ಜನರ ಕಣ್ಣ ಮುಂದಿರುವ ನ್ಯಾಯಾಧೀಶರು ಸಾಮಾನ್ಯ ನಾಗರಿಕರಿಗೆ ಹೊರೆ ಎನಿಸುವ ನಿರ್ಬಂಧಗಳನ್ನು ತಾವಾಗಿಯೇ ಒಪ್ಪಿಕೊಳ್ಳಬೇಕು. ಹುದ್ದೆಯ ಪ್ರತಿಷ್ಠೆಯನ್ನು ಸ್ವಂತದ, ಕುಟುಂಬದ ಅಥವಾ ಬೇರೆಯವರ ಹಿತಕ್ಕೆ ಬಳಸಬಾರದು.

ಮುಕ್ತ_ನ್ಯಾಯ
ಆಸ್ತಿ? ಜೀವನಾಂಶದ ಪ್ರಮಾಣಪತ್ರದಲ್ಲಿ ಎಲ್ಲ ಬಯಲಾಗುತ್ತದಲ್ಲ. ಅದನ್ನಾದರೂ ನೋಡಬಹುದೇ?

ಎಂಸಿ_ವಕೀಲೆ
ಹೊರಗಿನವರು ನೋಡುವಂತಿಲ್ಲ. ಆದರೆ ಎದುರು ಪಕ್ಷಕ್ಕೆ ಅದು ಬಲವಾದ ಅಸ್ತ್ರ. 2020ರ ನವೆಂಬರ್ 4ರ ರಜನೀಶ್ ತೀರ್ಪಿನ ನಂತರ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಲೇಬೇಕು. ಉತ್ತರದ ಜೊತೆ ಅದನ್ನು ಸಲ್ಲಿಸಲು ಹೆಚ್ಚೆಂದರೆ ನಾಲ್ಕು ವಾರ. ಸುಳ್ಳು ಬರೆದರೆ ಹಳೆಯ ಸಿ.ಆರ್.ಪಿ.ಸಿ. 340, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 379ರಡಿ ಕ್ರಮ.

ಹೋಲಿಕೆಗೆ ಇನ್ನೊಂದು ಕಾಗದ ಇದೆ. 1997ರ ನಿರ್ಣಯದಂತೆ ನ್ಯಾಯಮೂರ್ತಿಗಳು ತಮ್ಮ, ಸಂಗಾತಿಯ, ಅವಲಂಬಿತರ ಹೆಸರಿನ ಸ್ಥಿರಾಸ್ತಿ ಮತ್ತು ಹೂಡಿಕೆಗಳನ್ನು ಮುಖ್ಯ ನ್ಯಾಯಮೂರ್ತಿಯವರಿಗೆ ಘೋಷಿಸಬೇಕು. ಎರಡೂ ಕಾಗದ ತಾಳೆಯಾಗಬೇಕು. ಆಸ್ತಿಯನ್ನು ಬಹಿರಂಗವಾಗಿ ಪ್ರಕಟಿಸುವ ವಿಷಯದಲ್ಲಿ 2009ರಲ್ಲೇ ನಮ್ಮ ಹೈಕೋರ್ಟ್‌ನ ನ್ಯಾ. ಡಿ.ವಿ. ಶೈಲೇಂದ್ರ ಕುಮಾರ್ ಧೈರ್ಯವಾಗಿ ಬರೆದರು, ತಮ್ಮ ಆಸ್ತಿ ವಿವರವನ್ನೂ ಪ್ರಕಟಿಸಿದರು. ಸುಪ್ರೀಂ ಕೋರ್ಟ್ 2025ರ ಮೇ 5ರಂದು ತನ್ನ ನ್ಯಾಯಮೂರ್ತಿಗಳ ಘೋಷಣೆಗಳನ್ನು ವೆಬ್‌ಸೈಟಿಗೆ ಹಾಕಿತು. ಪ್ರಕಟವಾದ ಘೋಷಣೆಯನ್ನು ಫ್ಯಾಮಿಲಿ ಕೋರ್ಟಿನಲ್ಲಿ ದಾಖಲೆಯಾಗಿ ಹಾಜರುಪಡಿಸಲು ಯಾರ ಅನುಮತಿಯೂ ಬೇಡ.

ಸಂಬಳದ ಲೆಕ್ಕ ಗುಟ್ಟೇನಲ್ಲ. 2016ರ ಜನವರಿ 1ರಿಂದ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ತಿಂಗಳಿಗೆ 2,25,000 ರೂಪಾಯಿ. ಜೀವನಾಂಶ ಬಾಕಿ ಬಿದ್ದರೆ ಸಿ.ಪಿ.ಸಿ. 60ನೇ ಕಲಂ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ. ಅಂದರೆ ಈ ಸಂಬಳದಲ್ಲಿ 1,50,000ದವರೆಗೆ ಜಪ್ತಿಗೆ ಸಿಗುತ್ತದೆ. ಸಿವಿಲ್ ಬಂಧನಕ್ಕೆ ಮಾತ್ರ 135ನೇ ಕಲಂ ಅಡ್ಡ ಬರುತ್ತದೆ: ಕೋರ್ಟಿಗೆ ಹೋಗುವಾಗ, ಪೀಠದಲ್ಲಿ ಕೂತಿರುವಾಗ, ಮರಳುವಾಗ ನ್ಯಾಯಾಧೀಶರನ್ನು ಬಂಧಿಸುವಂತಿಲ್ಲ. ಹಾಗಾಗಿ ಸಂಬಳ ಜಪ್ತಿಯ ದಾರಿಯನ್ನೇ ಮೊದಲು ಹಿಡಿಯಿರಿ.

ಮಾಹಿತಿಹಕ್ಕು_ಹಾಸನ
ಮಾಹಿತಿ ಹಕ್ಕಿನ ಬಗ್ಗೆ ನಾನು ಹೇಳುತ್ತೇನೆ. ವಿಚ್ಛೇದನದ ಫೈಲ್, ಪ್ರಮಾಣಪತ್ರ, ಸಾಕ್ಷ್ಯ ಇವನ್ನು ಕೇಳಿ ಅರ್ಜಿ ಹಾಕಬೇಡಿ, ತಿರಸ್ಕಾರ ಖಚಿತ. ಕೋರ್ಟ್ ದಾಖಲೆಯ ಪ್ರತಿಗೆ ಕೋರ್ಟಿನ ನಿಯಮಗಳ ದಾರಿಯೇ ಹೊರತು ಮಾಹಿತಿ ಹಕ್ಕಿನ ದಾರಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಹೇಳಿದೆ. ಅದರ ಮೇಲೆ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಗೆ ಸಾರಾಸಗಟು ಬಾಗಿಲು ಹಾಕಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಯಾಯಿತು. ಉಳಿದಿರುವುದು 8(2), ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಅನ್ನುವ ಕಲಂ.

ಕೇಳಬಹುದಾದದ್ದು ಇವು: ನಿರ್ದಿಷ್ಟ ಅವಧಿಯ ರೋಸ್ಟರ್ ಆದೇಶಗಳು, ಜಿಲ್ಲೆಗಳಿಗೆ ಆಡಳಿತಾತ್ಮಕ ನ್ಯಾಯಮೂರ್ತಿಗಳ ನೇಮಕದ ಅಧಿಸೂಚನೆಗಳು, ಆ ಫ್ಯಾಮಿಲಿ ಕೋರ್ಟಿನ ನ್ಯಾಯಾಧೀಶರ ವರ್ಗಾವಣೆ ಆದೇಶಗಳ ದಿನಾಂಕ, ಸರ್ಕಾರಿ ವಾಹನದ ಬಳಕೆಗೆ ಇರುವ ನಿಯಮ. ಅರ್ಜಿಯಲ್ಲಿ ವಿಚ್ಛೇದನ ಅನ್ನುವ ಪದವೇ ಬೇಡ, ಕಾರಣ ಹೇಳುವ ಅಗತ್ಯ 6(2)ರ ಪ್ರಕಾರ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದಲ್ಲಿ ಆಯೋಗಕ್ಕೆ.

ಕೋರ್ಟ್_ವರದಿ
ಇದು ಉಪಯೋಗಕ್ಕೆ ಬರುವ ಪಟ್ಟಿ. ಹುದ್ದೆಯ ದುರುಪಯೋಗ ಕಂಡುಬಂದರೆ ದೂರು ಎಲ್ಲಿಗೆ?

ಕಾನೂನು_ಮೇಷ್ಟ್ರು
ವಿಚ್ಛೇದನ ದುರ್ನಡತೆಯಲ್ಲ. ಇದನ್ನು ಮೊದಲು ಗಟ್ಟಿಯಾಗಿ ಹೇಳಬೇಕು. 124(4) ಮತ್ತು 218ನೇ ವಿಧಿಗಳ ಪದಚ್ಯುತಿಗೆ ಸಾಬೀತಾದ ದುರ್ವರ್ತನೆ ಅಥವಾ ಅಸಾಮರ್ಥ್ಯ ಬೇಕು. ಮದುವೆ ಮುರಿದದ್ದು ಎರಡೂ ಅಲ್ಲ. ಸುಳ್ಳು ಪ್ರಮಾಣಪತ್ರ, ಕೆಳ ನ್ಯಾಯಾಧೀಶರ ಮೇಲೆ ಒತ್ತಡ, ಸಿಬ್ಬಂದಿಯನ್ನು ಸ್ವಂತ ಪ್ರಕರಣಕ್ಕೆ ಓಡಾಡಿಸುವುದು ಇಂಥವು ದೂರಿಗೆ ಅರ್ಹ.

ದಾರಿ 1999ರ ಡಿಸೆಂಬರ್‌ನಲ್ಲಿ ಫುಲ್ ಕೋರ್ಟ್ ಒಪ್ಪಿದ ಆಂತರಿಕ ಕ್ರಮ. ಲಿಖಿತ ದೂರನ್ನು ಆ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಅಥವಾ ಭಾರತದ ಮುಖ್ಯ ನ್ಯಾಯಮೂರ್ತಿಯವರಿಗೆ ಕಳಿಸಬೇಕು. ಸಂಬಂಧಪಟ್ಟವರ ಉತ್ತರ ಪಡೆದು, ಆಳವಾದ ತನಿಖೆ ಬೇಕೆನಿಸಿದರೆ ಮೂವರ ಸಮಿತಿ: ಬೇರೆ ಹೈಕೋರ್ಟ್‌ಗಳ ಇಬ್ಬರು ಮುಖ್ಯ ನ್ಯಾಯಮೂರ್ತಿಗಳು, ಒಬ್ಬ ಹೈಕೋರ್ಟ್ ನ್ಯಾಯಮೂರ್ತಿ. ದೂರಿನಲ್ಲಿ ದಿನಾಂಕ, ಸ್ಥಳ, ಮಾಡಿದ ಕೃತ್ಯ, ಇರುವ ದಾಖಲೆ ಇಷ್ಟೇ ಇರಲಿ. ಪೊಲೀಸ್ ಠಾಣೆಗೆ ನೇರ ಹೋದರೆ ನಿಲ್ಲದು. 1991ರ ವೀರಾಸ್ವಾಮಿ ತೀರ್ಪಿನಂತೆ ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವಿರುದ್ಧ ಕ್ರಿಮಿನಲ್ ಪ್ರಕರಣ ದಾಖಲಿಸುವ ಮೊದಲು ಭಾರತದ ಮುಖ್ಯ ನ್ಯಾಯಮೂರ್ತಿಯವರೊಂದಿಗೆ ಸಮಾಲೋಚನೆ ಆಗಬೇಕು.

ಧಾರವಾಡ_ಜೂನಿಯರ್
ಜನರು ಟೀಕೆ ಮಾಡಿದ್ರ ನಿಂದನೆ ಆಗ್ತದೇನ್ರಿ?

ಕಾನೂನು_ಮೇಷ್ಟ್ರು
1953ರ ಬ್ರಹ್ಮಪ್ರಕಾಶ್ ಶರ್ಮಾ ತೀರ್ಪು ಈ ಎರಡನ್ನು ಬೇರ್ಪಡಿಸಿದೆ. ನ್ಯಾಯಾಧೀಶರ ವೈಯಕ್ತಿಕ ಹೆಸರಿಗೆ ಧಕ್ಕೆ ತರುವುದು ಮಾನಹಾನಿ. ನ್ಯಾಯದಾನಕ್ಕೆ ಅಡ್ಡಿಯಾಗುವಂತೆ ಆಕ್ರಮಣ ಮಾಡುವುದು ನಿಂದನೆ. ಸಂಸಾರದ ಬಗ್ಗೆ ಸುಳ್ಳು ಬರೆದವರ ಮೇಲೆ ಅವರು ಎಲ್ಲರಂತೆ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ದೂರು ಹಾಕಬಹುದು, ಎರಡು ವರ್ಷದವರೆಗೆ ಸಜೆ ಇದೆ. ತಮ್ಮ ಸ್ವಂತ ವಿಷಯಕ್ಕೆ ನಿಂದನೆಯ ಅಧಿಕಾರ ಎತ್ತಬಾರದು. ರೋಸ್ಟರ್ ಯಾಕೆ ಬದಲಾಗಲಿಲ್ಲ, ಪ್ರಕರಣ ಯಾಕೆ ಬೇರೆ ರಾಜ್ಯಕ್ಕೆ ಹೋಗಲಿಲ್ಲ ಎಂದು ದಾಖಲೆ ಹಿಡಿದು ಕೇಳುವುದು ನಿಂದನೆಯಲ್ಲ.

ಮುಕ್ತ_ನ್ಯಾಯ
ಸರಿ, ಹೈಕೋರ್ಟ್ ನ್ಯಾಯಮೂರ್ತಿಗಳದು ಅರ್ಥವಾಯಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರದೇ ವಿಚ್ಛೇದನವಾದರೆ 25ನೇ ಕಲಂ ಎಲ್ಲಿ ಉಪಯೋಗಕ್ಕೆ ಬರುತ್ತದೆ? ವರ್ಗಾವಣೆ ಕೊಡುವವರೂ ಸಹೋದ್ಯೋಗಿಗಳೇ.

ಕಾನೂನು_ಮೇಷ್ಟ್ರು
ಅಲ್ಲಿ ಅನಿವಾರ್ಯತೆಯ ತತ್ವ ಬಂದುಬಿಡುತ್ತದೆ. ಬೇರೆ ಪೀಠವೇ ಇಲ್ಲದಿದ್ದರೆ ಇರುವವರೇ ಕೇಳಬೇಕು. ಹಾಗಾಗಿ ಅಲ್ಲಿಯವರೆಗೆ ಹೋಗದಂತೆ ಮುಗಿಸುವುದೇ ಸರಿಯಾದ ದಾರಿ: ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪರಸ್ಪರ ಒಪ್ಪಿಗೆ. ಪ್ರತ್ಯೇಕವಾಗಿ ಒಂದು ವರ್ಷ ಇದ್ದಿರಬೇಕು, ಮೊದಲ ಅರ್ಜಿಯ ನಂತರ 6 ತಿಂಗಳು ಕಾಯಬೇಕು, 18 ತಿಂಗಳೊಳಗೆ ಎರಡನೇ ಹೆಜ್ಜೆ ಇಡಬೇಕು. ಕಾಯುವ 6 ತಿಂಗಳನ್ನು ಫ್ಯಾಮಿಲಿ ಕೋರ್ಟೇ ಮನ್ನಾ ಮಾಡಬಹುದು ಎಂದು 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ.

ಎಂಸಿ_ವಕೀಲೆ
ಅದಕ್ಕೆ ಒಂದು ಸೇರ್ಪಡೆ. ಮಧ್ಯಸ್ಥಿಕೆಯಲ್ಲಿ ಒಪ್ಪಿದರೆ ಒಪ್ಪಂದದ ಕರಾರುಪತ್ರದಲ್ಲಿ ಎಲ್ಲ ಬಾಕಿ ಪ್ರಕರಣಗಳ ಸಂಖ್ಯೆ ಬರೆದು ಪ್ರತಿಯೊಂದನ್ನೂ ಯಾರು, ಯಾವ ದಿನಾಂಕದೊಳಗೆ ಹಿಂಪಡೆಯುತ್ತಾರೆ ಎಂದು ನಮೂದಿಸಿ. ಶಾಶ್ವತ ಜೀವನಾಂಶದ ಕೊನೆಯ ಕಂತನ್ನು ಎರಡನೇ ಅರ್ಜಿಯ ದಿನ ಡಿ.ಡಿ. ರೂಪದಲ್ಲಿ ಕೋರ್ಟಿನಲ್ಲೇ ಕೊಡುವ ಹಾಗೆ ಇಡಿ. ಮಧ್ಯಸ್ಥಿಕೆ ನಡೆಸುವವರು ಆ ಹೈಕೋರ್ಟ್‌ನಲ್ಲಿ ವಕಾಲತ್ತು ಮಾಡದವರಾಗಿರಲಿ. ಅಲ್ಲಿ ಆಡಿದ ಮಾತು ಗೋಪ್ಯವಾಗಿರಬೇಕು ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.